ಇಪ್ಪತ್ತನಾಲ್ಕರ ಗಡಿ: ಟೆನ್ನಿಸ್ ಆಟದ ಮಹಾದಾಖಲೆಯನ್ನು ಮೀರಲು ಸಾಧ್ಯವೆ?

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಟೆನ್ನಿಸ್ ಆಟದ ಲೆಕ್ಕಾಚಾರಕ್ಕೆ ಸ್ಥಳವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಅದಕ್ಕೆ ಉತ್ತರವು ಸುಲಭವಾಗಿದೆ. ಸ್ತ್ರೀಯರ ಸಾಧನೆಯನ್ನು ಪುರುಷರ ಸಾಧನೆಯೊಡನೆ ಒಂದೇ ಪಟ್ಟಿಯಲ್ಲಿಟ್ಟು ಎಣಿಸುವ ಕ್ರೀಡೆಗಳು ಲೋಕದಲ್ಲಿ ಬಹಳವಿಲ್ಲ. ಟೆನ್ನಿಸ್ ಅಂಥ ವಿರಳವಾದ ಕ್ರೀಡೆಗಳಲ್ಲೊಂದು. ಆ ಆಟದ ನಾಲ್ಕು ಮಹಾಸ್ಪರ್ಧೆಗಳಲ್ಲಿ ಸಿಂಗಲ್ಸ್ ಪ್ರಶಸ್ತಿಯನ್ನು ಇಪ್ಪತ್ತನಾಲ್ಕು ಸಲ ಮೊದಲು ಗೆದ್ದವಳು ಒಬ್ಬ ಸ್ತ್ರೀ. ಆಸ್ಟ್ರೇಲಿಯ ದೇಶದ ಮಾರ್ಗರೆಟ್ ಕೋರ್ಟ್ ಎಂಬಾಕೆಯು ೧೯೬೦ರಿಂದ ೧೯೭೩ರವರೆಗೆ ಈ ಸಂಖ್ಯೆಯನ್ನು ಸಂಪಾದಿಸಿದಳು. ಅದಾಗಿ ಐವತ್ತು ವರುಷಗಳು ಕಳೆದ ಮೇಲೆ, ೨೦೨೩ರಲ್ಲಿ, ಸರ್ಬಿಯ ದೇಶದ ನೊವಾಕ್ ಜೊಕೊವಿಚ್ ಎಂಬಾತನು ಅದನ್ನು ಮುಟ್ಟಿದನು. ಅಮೆರಿಕದ ಸೆರೀನಾ ವಿಲಿಯಮ್ಸಳು ಅದಕ್ಕೆ ಒಂದೇ ಒಂದು ಮೆಟ್ಟಿಲು ಕೆಳಗೆ, ಇಪ್ಪತ್ತಮೂರರಲ್ಲಿ, ನಿಂತಳು. ಈ ಗಡಿಯನ್ನು ದಾಟುವುದು ಅಷ್ಟು ಕಠಿಣವೇಕೆ, ಮುಂದೆ ಯಾರಾದರೂ ದಾಟಬಲ್ಲರೆ ಎಂಬುದನ್ನು ವಿಚಾರಿಸುವಾಗ, ಆಟದ ಸಂಗತಿಗಳೊಡನೆ ಹೆಣ್ಣುಮಕ್ಕಳನ್ನು ಬೆಳೆಸುವ ನಮಗೆ ಸಂಬಂಧಪಟ್ಟ ಸಂಗತಿಗಳೂ ಹೊರಬೀಳುತ್ತವೆ. ಆದುದರಿಂದಲೇ ಈ ಲೇಖನ.

ನಾಲ್ಕು ಮಹಾಸ್ಪರ್ಧೆಗಳು

ಟೆನ್ನಿಸ್ ಲೋಕದಲ್ಲಿ ವರುಷವೊಂದಕ್ಕೆ ನೂರಾರು ಸ್ಪರ್ಧೆಗಳು ನಡೆಯುತ್ತವೆಯಾದರೂ ಮಹಾಸ್ಪರ್ಧೆಗಳೆಂಬ ಗೌರವವು ನಾಲ್ಕಕ್ಕೆ ಮಾತ್ರ ಸಲ್ಲುತ್ತದೆ. ಜನವರಿಯಲ್ಲಿ ಮೆಲ್ಬರ್ನ್ ನಗರದಲ್ಲಿ ನಡೆಯುವ ಆಸ್ಟ್ರೇಲಿಯನ್ ಓಪನ್, ಮೇ ಜೂನ್ ತಿಂಗಳುಗಳಲ್ಲಿ ಪ್ಯಾರಿಸ್ಸಿನಲ್ಲಿ ನಡೆಯುವ ಫ್ರೆಂಚ್ ಓಪನ್, ಬಳಿಕ ಲಂಡನ್ನಿನ ವಿಂಬಲ್ಡನ್, ಕೊನೆಗೆ ನ್ಯೂಯಾರ್ಕಿನ ಯು. ಎಸ್. ಓಪನ್, ಇವೇ ಆ ನಾಲ್ಕು. ಒಂದೇ ವರುಷದಲ್ಲಿ ಈ ನಾಲ್ಕನ್ನೂ ಗೆಲ್ಲುವುದಕ್ಕೆ ಗ್ರಾಂಡ್ ಸ್ಲಾಮ್ ಎಂದು ಹೆಸರು. ಸ್ತ್ರೀಯರಲ್ಲಿ ಇದನ್ನು ಸಿಂಗಲ್ಸ್ ಆಟದಲ್ಲಿ ಸಾಧಿಸಿದವರು ಮೂವರೇ: ೧೯೫೩ರಲ್ಲಿ ಮೌರೀನ್ ಕಾನೊಲಿ, ೧೯೭೦ರಲ್ಲಿ ಮಾರ್ಗರೆಟ್ ಕೋರ್ಟ್, ೧೯೮೮ರಲ್ಲಿ ಜರ್ಮನಿಯ ಸ್ಟೆಫಿ ಗ್ರಾಫ್.

ಇವುಗಳಲ್ಲಿ ಅತಿ ಹಳೆಯದು ವಿಂಬಲ್ಡನ್. ಪುರುಷರ ಸ್ಪರ್ಧೆಯು ೧೮೭೭ರಲ್ಲಿ ಆರಂಭವಾದಾಗ ಸ್ತ್ರೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಏಳು ವರುಷಗಳ ಅನಂತರ, ೧೮೮೪ರಲ್ಲಿ, ಅವರಿಗೂ ಸ್ಪರ್ಧೆಯನ್ನು ತೆರೆದರು. ಹದಿಮೂರು ಮಂದಿ ಮಾತ್ರ ಹೆಸರು ಕೊಟ್ಟ ಆ ಮೊದಲನೆಯ ಸ್ಪರ್ಧೆಯನ್ನು ಗೆದ್ದವಳು ಮಾಡ್ ವಾಟ್ಸನ್ ಎಂಬ ಕನ್ಯೆ. ಆಕೆಯು ಇಂಗ್ಲೆಂಡಿನ ಹಳ್ಳಿಯೊಂದರ ಸಭಾಪಾಲಕರ ಮಗಳು. ಅಂತಿಮ ಪಂದ್ಯದಲ್ಲಿ ಆಕೆಗೆ ಎದುರಾದವಳು ಸ್ವಂತ ಅಕ್ಕನಾದ ಲಿಲಿಯನ್. ಉದ್ದನೆಯ ಬಿಳಿಯ ಉಡುಪು ಧರಿಸಿ ಹುಲ್ಲಿನ ಮೇಲೆ ಆಡಿದ ಆ ಪಾದ್ರಿಯ ಮನೆಯ ಹೆಣ್ಣುಮಕ್ಕಳಿಂದ ತೊಡಗಿತು, ನಾವು ಈಗ ಎಣಿಸುತ್ತಿರುವ ಈ ಲೆಕ್ಕ.

ಅಂಗಣದ ಭೇದವನ್ನೂ ಇಲ್ಲಿ ಅರಿತುಕೊಳ್ಳುವುದು ಅವಶ್ಯ. ಹುಲ್ಲಿನ ಮೇಲೆ ಚೆಂಡು ತಗ್ಗಾಗಿಯೂ ವೇಗವಾಗಿಯೂ ಪುಟಿಯುತ್ತದೆ. ಬಲವಾದ ಸರ್ವಿಗೂ ಬಲೆಯ ಸಮೀಪಕ್ಕೆ ನುಗ್ಗಿ ಹೊಡೆಯುವವರಿಗೂ ಅದು ಅನುಕೂಲ. ಪ್ಯಾರಿಸ್ಸಿನಲ್ಲಿ ಇಟ್ಟಿಗೆಯನ್ನು ಪುಡಿಮಾಡಿ ಹಾಸಿದ ಕೆಂಪು ಅಂಗಣದಲ್ಲಿ ಚೆಂಡು ನಿಧಾನಿಸಿ ಎತ್ತರಕ್ಕೆ ಏಳುತ್ತದೆ. ಅಲ್ಲಿ ತಾಳ್ಮೆಯೂ ಕಾಲಿನ ಶಕ್ತಿಯೂ ಬೇಕು. ಗಟ್ಟಿಯಾದ ಕೃತಕ ಅಂಗಣವು ಇವೆರಡರ ಮಧ್ಯದ್ದು. ಮಾರ್ಗರೆಟ್ ಕೋರ್ಟಳ ಕಾಲದಲ್ಲಿ ನಾಲ್ಕರಲ್ಲಿ ಮೂರು ಸ್ಪರ್ಧೆಗಳು ಹುಲ್ಲಿನ ಮೇಲೆಯೇ ನಡೆಯುತ್ತಿದ್ದವು. ಅಮೆರಿಕದವರು ೧೯೭೪ರ ತರುವಾಯವೂ ಆಸ್ಟ್ರೇಲಿಯದವರು ೧೯೮೭ರ ತರುವಾಯವೂ ಹುಲ್ಲನ್ನು ಬಿಟ್ಟರು. ಇಂದಿನ ಸ್ಪರ್ಧಾಳುವು ವರುಷವೊಂದರಲ್ಲಿ ಮೂರು ಬಗೆಯ ನೆಲದ ಮೇಲೆ ಮೂರು ಬಗೆಯಾಗಿ ಆಡಲು ಬಲ್ಲವಳಾಗಿರಬೇಕು.

ದಾಖಲೆಯು ಬೆಳೆದ ಬಗೆ

ಕೋರ್ಟಳಿಗಿಂತ ಮುಂಚೆ ಈ ಪಟ್ಟಿಯ ಅಗ್ರಸ್ಥಾನದಲ್ಲಿದ್ದವಳು ಅಮೆರಿಕದ ಹೆಲೆನ್ ವಿಲ್ಸ್ ಮೂಡಿ. ೧೯೨೩ರಿಂದ ೧೯೩೮ರವರೆಗೆ ಈಕೆಯು ವಿಂಬಲ್ಡನ್ನಿನಲ್ಲಿ ೮, ಅಮೆರಿಕದಲ್ಲಿ ೭, ಫ್ರಾನ್ಸಿನಲ್ಲಿ ೪, ಹೀಗೆ ಒಟ್ಟು ೧೯ ಪ್ರಶಸ್ತಿಗಳನ್ನು ಗೆದ್ದಳು. ಆಸ್ಟ್ರೇಲಿಯದ ಸ್ಪರ್ಧೆಯಲ್ಲಿ ಈಕೆಯು ಒಮ್ಮೆಯೂ ಆಡಿದವಳಲ್ಲ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಅಷ್ಟು ದೂರದ ಖಂಡಕ್ಕೆ ಹೋಗಿಬರುವುದು ಆ ಕಾಲದಲ್ಲಿ ಬಹು ಮಂದಿಗೆ ಸಾಧ್ಯವಿರಲಿಲ್ಲ.

ಮಾರ್ಗರೆಟ್ ಕೋರ್ಟ್ ೧೯೪೨ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದ ಆಲ್ಬರಿ ಎಂಬ ಊರಿನಲ್ಲಿ ಜನಿಸಿದಳು. ವಿವಾಹಕ್ಕೆ ಮುಂಚೆ ಆಕೆಯ ಹೆಸರು ಮಾರ್ಗರೆಟ್ ಸ್ಮಿತ್. ಹುಟ್ಟಿನಿಂದ ಎಡಗೈಯವಳಾದ ಈಕೆಯು ಬಲಗೈಯಿಂದ ಆಡುವುದನ್ನು ಅಭ್ಯಾಸಮಾಡಿಕೊಂಡಳು. ನೀಳವಾದ ಕೈಕಾಲುಗಳೂ ಬಲವಾದ ಸರ್ವೂ ಬಲೆಯ ಬಳಿ ಚೆಂಡನ್ನು ತಡೆದು ಹೊಡೆಯುವ ಚಾತುರ್ಯವೂ ಈಕೆಯ ಆಸ್ತಿ. ಹದಿನೇಳನೆಯ ವಯಸ್ಸಿನಲ್ಲಿ, ೧೯೬೦ರಲ್ಲಿ, ಮೊದಲನೆಯ ಸಲ ಆಸ್ಟ್ರೇಲಿಯದ ಪ್ರಶಸ್ತಿಯನ್ನು ಗೆದ್ದಳು. ಬಳಿಕ ೧೯೬೬ರವರೆಗೆ ಏಳು ವರುಷ ಒಂದೇ ಸಮನೆ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಒಟ್ಟು ಲೆಕ್ಕ ಹೀಗಿದೆ: ಆಸ್ಟ್ರೇಲಿಯದಲ್ಲಿ ೧೧, ಫ್ರಾನ್ಸಿನಲ್ಲಿ ೫, ವಿಂಬಲ್ಡನ್ನಿನಲ್ಲಿ ೩, ಅಮೆರಿಕದಲ್ಲಿ ೫.

ಈ ಇಪ್ಪತ್ತನಾಲ್ಕನ್ನು ಇನ್ನೊಂದು ಬಗೆಯಾಗಿ ಭಾಗಿಸಿ ನೋಡುವುದು ನಮ್ಮ ವಾಚಕರಿಗೆ ಉಪಯುಕ್ತವಾದೀತು. ಈಕೆಯು ೧೯೬೬ರಲ್ಲಿ, ಹದಿಮೂರು ಪ್ರಶಸ್ತಿಗಳನ್ನು ಪಡೆದಿದ್ದಾಗ, ಸತತವಾದ ಪ್ರವಾಸದಿಂದ ಬೇಸತ್ತು ಆಟವನ್ನು ಬಿಟ್ಟು ಪರ್ತ್ ನಗರದಲ್ಲಿ ನೆಲೆಸಿದಳು. ೧೯೬೭ರಲ್ಲಿ ಬ್ಯಾರಿ ಕೋರ್ಟ್ ಎಂಬಾತನನ್ನು ವಿವಾಹವಾದಳು. ೧೯೬೮ರಲ್ಲಿ ಮರಳಿ ಅಂಗಣಕ್ಕೆ ಬಂದಳು. ಮಿಕ್ಕ ಹನ್ನೊಂದು ಪ್ರಶಸ್ತಿಗಳೆಲ್ಲವೂ ಮದುವೆಯ ಅನಂತರದವು. ೧೯೭೦ರಲ್ಲಿ ನಾಲ್ಕನ್ನೂ ಗೆದ್ದಾಗ, ನಾಲ್ಕನೆಯದಾದ ನ್ಯೂಯಾರ್ಕಿನ ಗೆಲವು ಆಕೆಯ ಇಪ್ಪತ್ತನೆಯ ಪ್ರಶಸ್ತಿಯಾಗಿ ಹೆಲೆನ್ ವಿಲ್ಸಳ ಹತ್ತೊಂಬತ್ತನ್ನು ಹಿಂದೆ ಹಾಕಿತು. ಆ ವರುಷದ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ನೋಯುವ ಕಾಲಿನಿಂದಲೇ ಬಿಲ್ಲಿ ಜೀನ್ ಕಿಂಗಳನ್ನು ೧೪–೧೨, ೧೧–೯ ಅಂಕಗಳಿಂದ ಸೋಲಿಸಿದುದು ಇಂದಿಗೂ ಪ್ರಸಿದ್ಧವಾಗಿದೆ. ೧೯೭೨ರ ಮಾರ್ಚ್ ತಿಂಗಳಲ್ಲಿ ಆಕೆಗೆ ಗಂಡುಮಗುವಾಯಿತು. ಮರುವರುಷ ೧೯೭೩ರಲ್ಲಿ ಆಸ್ಟ್ರೇಲಿಯ, ಫ್ರಾನ್ಸ್, ಅಮೆರಿಕ, ಈ ಮೂರು ದೇಶಗಳ ಪ್ರಶಸ್ತಿಗಳನ್ನು ತಾಯಿಯಾಗಿ ಗೆದ್ದು ತನ್ನ ಲೆಕ್ಕವನ್ನು ಪೂರ್ತಿಮಾಡಿದಳು. ಪುರುಷರಿಗೂ ಸ್ತ್ರೀಯರಿಗೂ ಸಮಾನ ಬಹುಮಾನವನ್ನು ಕೊಟ್ಟ ಮೊದಲನೆಯ ಮಹಾಸ್ಪರ್ಧೆಯೆಂದರೆ ಆ ವರುಷದ ಅಮೆರಿಕದ ಸ್ಪರ್ಧೆಯೇ.

ಆಟವನ್ನು ಬಿಟ್ಟ ಮೇಲೆ ಈಕೆಯು ಪರ್ತಿನಲ್ಲಿ ಕ್ರೈಸ್ತ ಸಭೆಯೊಂದರ ಪಾಲಕಳಾದಳು. ಸಾಮಾಜಿಕ ವಿಷಯಗಳಲ್ಲಿ ಆಕೆಯಾಡಿದ ಕೆಲವು ಮಾತುಗಳನ್ನು ಇತರ ಕ್ರೀಡಾಪಟುಗಳು ತೀವ್ರವಾಗಿ ಖಂಡಿಸಿರುವರು. ಆ ವಾದವೇ ಬೇರೆ. ಅಂಗಣದಲ್ಲಿ ಗೆದ್ದ ಲೆಕ್ಕವೇ ಬೇರೆ. ಒಂದನ್ನು ಮತ್ತೊಂದರಿಂದ ಅಳೆಯುವುದು ನ್ಯಾಯವಲ್ಲ.

ಆಕ್ಷೇಪಣೆಗಳೂ ಸಮಾಧಾನಗಳೂ

ಈ ದಾಖಲೆಗೆ ಆಕ್ಷೇಪಣೆಗಳು ಇಲ್ಲದೆ ಇಲ್ಲ. ಮೊದಲನೆಯದಾಗಿ, ಇಪ್ಪತ್ತನಾಲ್ಕರಲ್ಲಿ ಹನ್ನೊಂದು ಪ್ರಶಸ್ತಿಗಳು ಆಸ್ಟ್ರೇಲಿಯದವು. ಆ ದಿನಗಳಲ್ಲಿ ಅಲ್ಲಿಗೆ ಹೊರದೇಶದವರು ಬರುತ್ತಿದ್ದುದು ಅಪರೂಪ. ಸ್ಪರ್ಧಾಳುಗಳ ಸಂಖ್ಯೆಯು ಈಗಿನ ೧೨೮ಕ್ಕಿಂತ ಬಹಳ ಕಡಿಮೆ. ಆದುದರಿಂದ ಗೆಲ್ಲಬೇಕಾದ ಸುತ್ತುಗಳೂ ಕಡಿಮೆ. ಮೊದಲ ನಾಲ್ಕು ವರುಷಗಳಲ್ಲಿಯೂ ಅಂತಿಮ ಪಂದ್ಯದಲ್ಲಿ ಎದುರಾದವಳು ಒಬ್ಬಳೇ, ಸ್ವದೇಶದ ಜಾನ್ ಲಹೇನ್. ಆಸ್ಟ್ರೇಲಿಯವನ್ನು ಬಿಟ್ಟು ಮಿಕ್ಕ ಮೂರನ್ನೇ ಎಣಿಸಿದರೆ ಹೆಲೆನ್ ವಿಲ್ಸಳಿಗೆ ೧೯, ಸ್ಟೆಫಿ ಗ್ರಾಫಳಿಗೆ ೧೮, ಸೆರೀನಾ ವಿಲಿಯಮ್ಸಳಿಗೆ ೧೬, ಕೋರ್ಟಳಿಗೆ ೧೩ ಆಗುತ್ತವೆ. ಎರಡನೆಯದಾಗಿ, ೧೯೬೮ಕ್ಕೆ ಮುಂಚೆ ಹಣಕ್ಕಾಗಿ ಆಡುವ ವೃತ್ತಿಗಾರರಿಗೆ ಈ ಸ್ಪರ್ಧೆಗಳಲ್ಲಿ ಪ್ರವೇಶವಿರಲಿಲ್ಲ. ಕೋರ್ಟಳ ಹದಿಮೂರು ಪ್ರಶಸ್ತಿಗಳು ಆ ಹಿಂದಿನ ಕಾಲದವು. ಎಲ್ಲರಿಗೂ ಬಾಗಿಲು ತೆರೆದ ಮೇಲಿನ ಲೆಕ್ಕವನ್ನು ಮಾತ್ರ ಹಿಡಿದರೆ, ಸ್ತ್ರೀಯರಲ್ಲಿ ಸೆರೀನಾಳ ೨೩ ಮೊದಲನೆಯದು, ಗ್ರಾಫಳ ೨೨ ಎರಡನೆಯದು.

ಇವು ತಳ್ಳಿಹಾಕತಕ್ಕ ಮಾತುಗಳಲ್ಲ. ಆದರೆ ಎದುರು ಪಕ್ಷದಲ್ಲಿಯೂ ಹೇಳತಕ್ಕುದಿದೆ. ಬಂದವರನ್ನು ಸೋಲಿಸುವುದೇ ಆಟಗಾತಿಯ ಕರ್ತವ್ಯ; ಬಾರದವರನ್ನು ಕರೆತರುವುದು ಆಕೆಯ ಕೆಲಸವಲ್ಲ. ೧೯೬೦ರಲ್ಲಿ ಬ್ರೆಜಿಲ್ ದೇಶದ ಮಹಾ ಆಟಗಾತಿ ಮರಿಯಾ ಬುವೆನೊ ಆಸ್ಟ್ರೇಲಿಯಕ್ಕೆ ಬಂದಾಗ ಹದಿನೇಳರ ಈ ಬಾಲಿಕೆಯೇ ಆಕೆಯನ್ನು ಸೋಲಿಸಿದಳು. ಆಸ್ಟ್ರೇಲಿಯದ ಹೊರಗೆ ಗೆದ್ದ ಹದಿಮೂರೂ ಸಣ್ಣ ಸಂಖ್ಯೆಯಲ್ಲ. ಇದಲ್ಲದೆ, ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಆಟಗಳನ್ನು ಕೂಡಿಸಿದರೆ ಆಕೆಯ ಮಹಾಪ್ರಶಸ್ತಿಗಳು ೬೪ ಆಗುತ್ತವೆ. ಅಷ್ಟನ್ನು ಮತ್ತಾರೂ ಪಡೆದಿಲ್ಲ.

ನಿಜವಾಗಿ ನೋಡಿದರೆ ಬೇರೆ ಬೇರೆ ಕಾಲದವರ ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿಡುವುದು ಕಷ್ಟ. ಕ್ರಿಸ್ ಎವರ್ಟ್ ೧೮ ಪ್ರಶಸ್ತಿಗಳನ್ನು ಗೆದ್ದಳು. ಅವುಗಳಲ್ಲಿ ೭ ಫ್ರಾನ್ಸಿನವು. ಆದರೂ ೧೯೭೬ರಿಂದ ೧೯೭೮ರವರೆಗೆ ಮೂರು ವರುಷ ಆಕೆಯು ಫ್ರಾನ್ಸಿನ ಸ್ಪರ್ಧೆಗೇ ಹೋಗಲಿಲ್ಲ. ಇನ್ನೊಂದು ದುಃಖಕರವಾದ ನಿದರ್ಶನವೂ ಉಂಟು. ಮೋನಿಕಾ ಸೆಲೆಸ್ ಎಂಬ ತರುಣಿಯು ೧೯೯೧ರ ಆರಂಭದಿಂದ ೧೯೯೩ರ ಜನವರಿಯವರೆಗೆ ತಾನು ಆಡಿದ ಎಂಟು ಮಹಾಸ್ಪರ್ಧೆಗಳಲ್ಲಿ ಏಳನ್ನು ಗೆದ್ದಿದ್ದಳು. ೧೯೯೩ರ ಏಪ್ರಿಲ್ ೩೦ರಂದು ಹ್ಯಾಂಬರ್ಗಿನ ಅಂಗಣದಲ್ಲಿ ಮತಿಗೆಟ್ಟ ಒಬ್ಬನು ಆಕೆಯ ಬೆನ್ನಿಗೆ ಚೂರಿಯಿಂದ ಇರಿದನು. ಎರಡು ವರುಷಗಳಿಗೂ ಹೆಚ್ಚು ಕಾಲ ಆಕೆಯು ಆಡಲಿಲ್ಲ. ಮರಳಿದ ಮೇಲೆ ಮಹಾಪ್ರಶಸ್ತಿ ದೊರೆತುದು ಒಂದೇ ಸಲ. ಆಕೆಯ ಪ್ರತಿಸ್ಪರ್ಧಿಯಾದ ಗ್ರಾಫಳ ೨೨ರಲ್ಲಿ ೧೧ ಆ ದಿನಕ್ಕೆ ಮುಂಚಿನವು, ೧೧ ಅನಂತರದವು. ಇದರಲ್ಲಿ ಗ್ರಾಫಳ ದೋಷವೇನೂ ಇಲ್ಲ. ಆದರೆ ಒಬ್ಬರ ಸಂಖ್ಯೆಯೊಳಗೆ ಮತ್ತೊಬ್ಬರ ದುರ್ದೈವವೂ ಅಡಗಿರಬಹುದೆಂಬುದನ್ನು ಮರೆಯಲಾಗದು.

ಗಣಿತವು ಹೇಳುವುದೇನು?

ಇಪ್ಪತ್ತೈದು ಎಂಬುದು ಕೇಳಲು ಚಿಕ್ಕ ಸಂಖ್ಯೆ. ಇದರ ಭಾರವನ್ನು ತಿಳಿಯಬೇಕಾದರೆ ಕೊಂಚ ಗಣಿತ ಮಾಡಬೇಕು. ಇಂದಿನ ಮಹಾಸ್ಪರ್ಧೆಯೊಂದನ್ನು ಗೆಲ್ಲಬೇಕಾದರೆ ಎರಡು ವಾರಗಳೊಳಗೆ ಏಳು ಪಂದ್ಯಗಳನ್ನು ಗೆಲ್ಲಬೇಕು. ಒಂದರಲ್ಲಿ ಸೋತರೂ ಮನೆಗೆ ಹಿಂದಿರುಗಬೇಕು. ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಗೆಲ್ಲಬಲ್ಲ ಉತ್ತಮ ಆಟಗಾತಿಯೊಬ್ಬಳಿದ್ದಾಳೆಂದು ಊಹಿಸೋಣ. ಆಕೆಯು ಏಳನ್ನೂ ಎಡೆಬಿಡದೆ ಗೆಲ್ಲುವ ಸಂಭವವೆಷ್ಟು? ಹತ್ತರಲ್ಲಿ ಒಂಬತ್ತು ಎಂಬ ಭಿನ್ನರಾಶಿಯನ್ನು ಏಳು ಸಲ ಗುಣಿಸಿದರೆ ನೂರಕ್ಕೆ ೪೮ರಷ್ಟು ಬರುತ್ತದೆ. ಎಂದರೆ, ಅಷ್ಟು ಸಮರ್ಥಳಾದವಳೂ ಎರಡು ಸ್ಪರ್ಧೆಗಳಲ್ಲಿ ಒಂದನ್ನು ಕಳೆದುಕೊಳ್ಳುವಳು. ಇಪ್ಪತ್ತೈದು ಪ್ರಶಸ್ತಿಗಳಿಗೆ ಆಕೆಯು ಸುಮಾರು ೫೨ ಸ್ಪರ್ಧೆಗಳಲ್ಲಿ ಆಡಬೇಕು. ವರುಷಕ್ಕೆ ನಾಲ್ಕರಂತೆ ಒಂದನ್ನೂ ತಪ್ಪಿಸದೆ ಹದಿಮೂರು ವರುಷ ಬೇಕು.

ಅದೇ ಆಟಗಾತಿಯ ಶಕ್ತಿಯು ಸ್ವಲ್ಪ ತಗ್ಗಿ, ಹತ್ತರಲ್ಲಿ ಎಂಟನ್ನು ಮಾತ್ರ ಗೆಲ್ಲುವವಳಾದಳೆನ್ನಿ. ಆಗ ಏಳನ್ನೂ ಗೆಲ್ಲುವ ಸಂಭವವು ನೂರಕ್ಕೆ ೨೧ಕ್ಕೆ ಇಳಿಯುತ್ತದೆ. ಅದೇ ೨೫ ಪ್ರಶಸ್ತಿಗಳಿಗೆ ಈಗ ಹತ್ತಿರ ಹತ್ತಿರ ಮೂವತ್ತು ವರುಷಗಳು ಬೇಕಾಗುತ್ತವೆ. ಒಂದು ಪಂದ್ಯದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾದ ಇಳಿತವು ಪ್ರಶಸ್ತಿಗಳ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗೆ ತರುತ್ತದೆ. ಹಿರಿಯ ಆಟಗಾರರು ಒಮ್ಮಿಂದೊಮ್ಮೆಗೆ ಗೆಲ್ಲಲಾರದೆ ಹೋದಂತೆ ನಮಗೆ ತೋರುವುದಕ್ಕೆ ಇದೇ ಕಾರಣ. ಅವರು ಕೆಟ್ಟುಹೋದವರಲ್ಲ, ತುಸು ಇಳಿದವರು.

ಇಪ್ಪತ್ತಮೂರರಲ್ಲಿ ನಿಂತ ಸೆರೀನಾ

ಸೆರೀನಾ ವಿಲಿಯಮ್ಸಳು ೧೯೮೧ರಲ್ಲಿ ಜನಿಸಿ, ಕ್ಯಾಲಿಫೋರ್ನಿಯದ ಕಾಂಪ್ಟನ್ ಎಂಬ ಊರಿನ ಸಾರ್ವಜನಿಕ ಅಂಗಣಗಳಲ್ಲಿ ತಂದೆತಾಯಿಗಳಿಂದಲೇ ಆಟ ಕಲಿತವಳು. ಅಕ್ಕನಾದ ವೀನಸಳೂ ಮಹಾ ಆಟಗಾತಿ. ೧೯೯೯ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಸೆರೀನಾ ಅಮೆರಿಕದ ಪ್ರಶಸ್ತಿಯನ್ನು ಗೆದ್ದಳು. ಈಕೆಯ ವೈಶಿಷ್ಟ್ಯವೆಂದರೆ ದೀರ್ಘಕಾಲದ ಬಾಳಿಕೆ. ಇಪ್ಪತ್ತನಾಲ್ಕು ವಯಸ್ಸು ತುಂಬುವಾಗ ಈಕೆಗೆ ಇದ್ದುದು ಏಳೇ ಪ್ರಶಸ್ತಿಗಳು. ಮೂವತ್ತು ದಾಟಿದ ಮೇಲೆ ಗೆದ್ದವು ಹತ್ತು. ೨೦೧೭ರ ಜನವರಿಯಲ್ಲಿ, ತಾನು ಗರ್ಭಿಣಿಯೆಂದು ತಿಳಿದೂ, ಮೆಲ್ಬರ್ನಿನಲ್ಲಿ ಅಕ್ಕನನ್ನೇ ಅಂತಿಮ ಪಂದ್ಯದಲ್ಲಿ ೬–೪, ೬–೪ರಿಂದ ಸೋಲಿಸಿ ಇಪ್ಪತ್ತಮೂರನೆಯದನ್ನು ಪಡೆದಳು. ಆಗ ಈಕೆಗೆ ೩೫ ವರುಷ. ಇನ್ನೊಂದು ಗೆದ್ದರೆ ಸಮ, ಎರಡು ಗೆದ್ದರೆ ದಾಖಲೆ.

ಅದೇ ವರುಷ ಸೆಪ್ಟೆಂಬರ್ ೧ರಂದು ಈಕೆಗೆ ಹೆಣ್ಣುಮಗುವಾಯಿತು. ಶಸ್ತ್ರಕ್ರಿಯೆಯಿಂದಾದ ಆ ಹೆರಿಗೆಯ ಬಳಿಕ ಶ್ವಾಸಕೋಶದಲ್ಲಿ ರಕ್ತವು ಹೆಪ್ಪುಗಟ್ಟಿ ಪ್ರಾಣಕ್ಕೇ ಅಪಾಯವಾಗಿ, ವಾರಗಟ್ಟಲೆ ಹಾಸಿಗೆಯಲ್ಲಿದ್ದುದನ್ನು ಈಕೆಯೇ ಲೋಕಕ್ಕೆ ತಿಳಿಸಿರುವಳು. ಹನ್ನೊಂದು ತಿಂಗಳೊಳಗೆ ಈಕೆಯು ವಿಂಬಲ್ಡನ್ ಅಂತಿಮ ಪಂದ್ಯದಲ್ಲಿದ್ದಳು. ೨೦೧೮ರ ವಿಂಬಲ್ಡನ್ನಿನಲ್ಲಿ ಏಂಜೆಲಿಕ್ ಕೆರ್ಬರ್, ಅದೇ ವರುಷ ನ್ಯೂಯಾರ್ಕಿನಲ್ಲಿ ನವೋಮಿ ಒಸಾಕಾ, ೨೦೧೯ರ ವಿಂಬಲ್ಡನ್ನಿನಲ್ಲಿ ಸಿಮೋನಾ ಹಾಲೆಪ್, ನ್ಯೂಯಾರ್ಕಿನಲ್ಲಿ ಬಿಯಾಂಕಾ ಆಂಡ್ರೆಸ್ಕು, ಹೀಗೆ ನಾಲ್ಕು ಅಂತಿಮ ಪಂದ್ಯಗಳಲ್ಲಿ ನಾಲ್ವರು ಈಕೆಯನ್ನು ಸೋಲಿಸಿದರು. ಒಂದು ಸೆಟ್ಟನ್ನೂ ಈಕೆಯು ಗೆಲ್ಲಲಾಗಲಿಲ್ಲ. ಈಕೆಯು ಆ ನಾಲ್ವರಿಗೆ ಸರಿಸಮಳೆಂದು ಭಾವಿಸಿದರೆ ನಾಲ್ಕನ್ನೂ ಸೋಲುವ ಸಂಭವವು ಹದಿನಾರರಲ್ಲಿ ಒಂದು ಮಾತ್ರ. ಆದುದರಿಂದ ಇಲ್ಲಿ ಬರಿಯ ದುರದೃಷ್ಟವಲ್ಲದೆ ಬೇರೆಯೂ ಇತ್ತೆನ್ನಬೇಕು: ಮೂವತ್ತಾರು ದಾಟಿದ ದೇಹ, ಹೆರಿಗೆಯ ಬಳಲಿಕೆ, ಆ ಒಂದು ಸಂಖ್ಯೆಯನ್ನು ಕುರಿತು ಇಡೀ ಲೋಕವು ಇಟ್ಟ ನಿರೀಕ್ಷೆಯ ಹೊರೆ. ೨೦೨೨ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮೂರನೆಯ ಸುತ್ತಿನಲ್ಲಿ ಆಯ್ಲಾ ಟಾಮ್ಲಿಯಾನೊವಿಚಳಿಗೆ ಮೂರು ಸೆಟ್ಟುಗಳಲ್ಲಿ ಸೋತು ಈಕೆಯು ಜನರಿಗೆ ವಿದಾಯ ಹೇಳಿದಳು.

ತಾಯಿಯಾದವಳು ಗೆಲ್ಲಲಾರಳೆಂದು ಇದರಿಂದ ಯಾರೂ ತೀರ್ಮಾನಿಸಬಾರದು. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ ಎಂಬಾಕೆಯು, ಈಕೆಯೂ ಸಭಾಪಾಲಕರೊಬ್ಬರ ಮಗಳೇ, ತಾಯಿಯಾದ ಅನಂತರ ೧೯೧೪ರವರೆಗೂ ವಿಂಬಲ್ಡನ್ನನ್ನು ಗೆಲ್ಲುತ್ತಿದ್ದಳು. ಕೋರ್ಟಳ ೧೯೭೩ರ ವಿಷಯವನ್ನು ಹೇಳಿಯಾಯಿತು. ಆಸ್ಟ್ರೇಲಿಯದ ಮೂಲನಿವಾಸಿಗಳ ಕುಲದಲ್ಲಿ ಹುಟ್ಟಿದ ಇವಾನ್ ಗೂಲಗಾಂಗ್ ೧೯೮೦ರಲ್ಲಿ ಮೂರು ವರುಷದ ಮಗಳ ತಾಯಿಯಾಗಿ ವಿಂಬಲ್ಡನ್ನನ್ನು ಗೆದ್ದಳು. ಬೆಲ್ಜಿಯಮ್ ದೇಶದ ಕಿಮ್ ಕ್ಲೈಸ್ಟರ್ಸ್ ೨೦೦೮ರಲ್ಲಿ ಮಗಳನ್ನು ಹೆತ್ತು, ೨೦೦೯, ೨೦೧೦ರಲ್ಲಿ ಅಮೆರಿಕದ ಪ್ರಶಸ್ತಿಯನ್ನೂ ೨೦೧೧ರಲ್ಲಿ ಆಸ್ಟ್ರೇಲಿಯದ ಪ್ರಶಸ್ತಿಯನ್ನೂ ಪಡೆದಳು. ದಾರಿ ಇಲ್ಲದಿಲ್ಲ, ದಾರಿ ಕಡಿದು. ಹೆರಿಗೆಗಾಗಿ ದೂರವಿದ್ದವಳ ಶ್ರೇಯಾಂಕವು ಕುಸಿದು, ಮರಳಿದಾಗ ಮೊದಲ ಸುತ್ತಿನಲ್ಲಿಯೇ ಪ್ರಬಲರನ್ನು ಎದುರಿಸಬೇಕಾದ ಸ್ಥಿತಿಯಿತ್ತು. ಸೆರೀನಾಳ ಪ್ರಕರಣದ ತರುವಾಯ, ೨೦೧೮ರ ಕೊನೆಯಲ್ಲಿ, ಸ್ತ್ರೀಯರ ಟೆನ್ನಿಸ್ ಸಂಘದವರು ತಾಯಂದಿರ ಹಿಂದಿನ ಶ್ರೇಯಾಂಕವನ್ನು ಕಾಪಾಡುವಂತೆ ನಿಯಮಗಳನ್ನು ತಿದ್ದಿದರು. ೨೦೨೫ರಲ್ಲಿ ಹೆರಿಗೆಯ ಕಾಲಕ್ಕೆ ವೇತನ ಸಹಿತವಾದ ರಜೆಯನ್ನೂ ಏರ್ಪಡಿಸಿದರು.

ಇನ್ನು ಮುಂದೆ ದಾಟುವವರಾರು?

ಗಡಿಗೆ ಅತಿ ಸಮೀಪದಲ್ಲಿರುವವನು ಜೊಕೊವಿಚ್. ಆಸ್ಟ್ರೇಲಿಯದಲ್ಲಿ ೧೦, ವಿಂಬಲ್ಡನ್ನಿನಲ್ಲಿ ೭, ಅಮೆರಿಕದಲ್ಲಿ ೪, ಫ್ರಾನ್ಸಿನಲ್ಲಿ ೩, ಹೀಗೆ ೨೦೨೩ರ ಸೆಪ್ಟೆಂಬರಿಗೆ ಆತನ ಲೆಕ್ಕವು ೨೪ ಆಯಿತು. ಆತನಿಗೂ ಹೊರಗಿನ ಅಡ್ಡಿಗಳು ಬಂದುಂಟು: ೨೦೨೦ರಲ್ಲಿ ಮಹಾವ್ಯಾಧಿಯ ದೆಸೆಯಿಂದ ವಿಂಬಲ್ಡನ್ ನಡೆಯಲಿಲ್ಲ, ಅದೇ ವರುಷ ನ್ಯೂಯಾರ್ಕಿನಲ್ಲಿ, ಆತನು ಬೇಸರದಿಂದ ಹೊಡೆದ ಚೆಂಡು ಗೆರೆ ಕಾಯುವ ಅಧಿಕಾರಿಣಿಗೆ ತಗುಲಿದುದರಿಂದ ಆತನನ್ನು ಸ್ಪರ್ಧೆಯಿಂದ ಹೊರಹಾಕಿದರು, ೨೦೨೨ರಲ್ಲಿ ಲಸಿಕೆ ಹಾಕಿಸಿಕೊಳ್ಳದ ಕಾರಣ ಆಸ್ಟ್ರೇಲಿಯ, ಅಮೆರಿಕಗಳೆರಡರ ಸ್ಪರ್ಧೆಗಳೂ ಕೈತಪ್ಪಿದವು. ೨೦೨೪ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ ಚಿನ್ನದ ಪದಕವನ್ನು ಗೆದ್ದನಾದರೂ ಮಹಾಸ್ಪರ್ಧೆ ಒಲಿಯಲಿಲ್ಲ. ೨೦೨೪, ೨೦೨೫ರ ಎಂಟು ಮಹಾಪ್ರಶಸ್ತಿಗಳನ್ನೂ ಸ್ಪೇನಿನ ಕಾರ್ಲೋಸ್ ಆಲ್ಕರಾಸ್, ಇಟಲಿಯ ಯಾನಿಕ್ ಸಿನ್ನರ್ ಎಂಬ ಇಬ್ಬರು ತರುಣರೇ ನಾಲ್ಕು ನಾಲ್ಕಾಗಿ ಹಂಚಿಕೊಂಡರು. ಜೊಕೊವಿಚನು ೨೦೨೫ರಲ್ಲಿ, ತನ್ನ ಮೂವತ್ತೆಂಟನೆಯ ವರುಷದಲ್ಲಿ, ನಾಲ್ಕು ಸ್ಪರ್ಧೆಗಳಲ್ಲಿಯೂ ಉಪಾಂತ್ಯದ ಪಂದ್ಯದವರೆಗೆ ಬಂದು ನಿಂತನು. ಎಂದರೆ, ಐದು ಪಂದ್ಯಗಳನ್ನು ಗೆಲ್ಲುವ ಶಕ್ತಿಯು ಆತನಲ್ಲಿ ಕುಂದಿರಲಿಲ್ಲ. ಕೊನೆಯ ಎರಡನ್ನು ಗೆಲ್ಲುವುದೇ ಕಷ್ಟವಾಗಿತ್ತು. ವೃತ್ತಿಗಾರರಿಗೆ ಬಾಗಿಲು ತೆರೆದ ಮೇಲೆ ಸಿಂಗಲ್ಸ್ ಮಹಾಪ್ರಶಸ್ತಿಯನ್ನು ಗೆದ್ದವರಲ್ಲಿ ಅತಿ ಹಿರಿಯನೆಂದರೆ ೧೯೭೨ರಲ್ಲಿ ೩೭ ವರುಷದವನಾಗಿದ್ದ ಆಸ್ಟ್ರೇಲಿಯದ ಕೆನ್ ರೋಸ್‌ವಾಲ್. ಆತನಿಗೂ ಹೆಚ್ಚಿನ ವಯಸ್ಸಿನಲ್ಲಿ ಒಬ್ಬನು ಗೆಲ್ಲುವುದು ಅಸಾಧ್ಯವಲ್ಲ; ಆದರೆ ಪ್ರತಿ ವರುಷವೂ ಸಂಭವವು ಕಿರಿದಾಗುತ್ತಲೇ ಹೋಗುವುದು.

ವಯಸ್ಸಿನ ಮಾತು ಬಂದುದರಿಂದ ನಮ್ಮ ಕೊಡಗಿನ ರೋಹನ್ ಬೋಪಣ್ಣನವರನ್ನು ನೆನೆಯುವುದು ಉಚಿತ. ಇವರು ೨೦೨೪ರ ಜನವರಿಯಲ್ಲಿ, ೪೩ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಎಂಬಾತನೊಡನೆ ಆಸ್ಟ್ರೇಲಿಯದ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಡಬಲ್ಸ್ ಆಟದಲ್ಲಿ ಓಡಬೇಕಾದ ನೆಲವು ಹಂಚಿಹೋಗುವುದರಿಂದ ಅನುಭವಕ್ಕೆ ಬೆಲೆ ಹೆಚ್ಚು. ಮಾರ್ಟಿನಾ ನವ್ರಾಟಿಲೋವಳು ೨೦೦೬ರಲ್ಲಿ, ಐವತ್ತು ತುಂಬಲು ಕೆಲವು ವಾರಗಳಿರುವಾಗ, ಮಿಶ್ರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದುದೂ ಹಾಗೆಯೇ. ಸಿಂಗಲ್ಸ್ ಆಟದಲ್ಲಿ ಮಾತ್ರ ಕಾಲುಗಳ ಸಾಲವನ್ನು ಮತ್ತೊಬ್ಬರು ತೀರಿಸಲಾರರು.

ಸ್ತ್ರೀಯರ ಕಡೆಗೆ ನೋಡಿದರೆ ಯಾರೂ ಗಡಿಯ ಸಮೀಪದಲ್ಲಿಲ್ಲ. ಪೋಲೆಂಡಿನ ಈಗಾ ಶ್ವಿಯಾಂಟೆಕಳು ೨೦೨೫ರ ಜುಲೈಯಲ್ಲಿ ವಿಂಬಲ್ಡನ್ನನ್ನು ೬–೦, ೬–೦ರಿಂದ ಗೆದ್ದು ತನ್ನ ಆರನೆಯ ಪ್ರಶಸ್ತಿಯನ್ನು ಪಡೆದಳು. ವಿಂಬಲ್ಡನ್ ಸ್ತ್ರೀಯರ ಅಂತಿಮ ಪಂದ್ಯದಲ್ಲಿ ಅಂಥ ಗೆಲವು ೧೯೧೧ರಲ್ಲಿ ಮೇಲೆ ಹೇಳಿದ ಲ್ಯಾಂಬರ್ಟ್ ಚೇಂಬರ್ಸಳ ತರುವಾಯ ಅದೇ ಮೊದಲು. ಆಗ ಈಗಾಳಿಗೆ ೨೪ ವರುಷ. ಅದೇ ವಯಸ್ಸಿನಲ್ಲಿ ಕೋರ್ಟಳಿಗೆ ೧೩, ಗ್ರಾಫಳಿಗೆ ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು, ಸೆರೀನಾಳಿಗೆ ೭ ಇದ್ದವು. ಆದುದರಿಂದ ಆರು ಎಂಬುದು ಮೊದಲ ಇಬ್ಬರ ದಾರಿಯಲ್ಲಿ ಬಹು ಹಿಂದೆ. ಸೆರೀನಾಳ ದಾರಿಯಲ್ಲಿ ಅಷ್ಟೇನೂ ಹಿಂದಲ್ಲ. ಬೇಗನೆ ಗೆಲ್ಲುವುದೊಂದು ದಾರಿ, ಬಹುಕಾಲ ಬಾಳುವುದು ಮತ್ತೊಂದು. ಇಂದು ಪ್ರತಿಸ್ಪರ್ಧಿಗಳು ಅನೇಕರಾಗಿ, ಪ್ರಶಸ್ತಿಗಳು ಹಲವರ ಕೈಗೆ ಹಂಚಿಹೋಗುತ್ತಿರುವುದರಿಂದ ಮೊದಲನೆಯ ದಾರಿಯು ಮುಚ್ಚಿದಂತೆಯೇ ಇದೆ. ಎರಡನೆಯದು ತೆರೆದಿದೆ. ಸ್ತ್ರೀಯರಲ್ಲಿ ಈ ದಾಖಲೆಯನ್ನು ಮುಂದೆ ಯಾವಳಾದರೂ ಮೀರುವುದಾದರೆ, ಹದಿನೈದು ಹದಿನೆಂಟು ವರುಷ ದೇಹವನ್ನು ಕಾಪಾಡಿಕೊಂಡು, ಮಧ್ಯದಲ್ಲಿ ಬಿಟ್ಟರೂ ಮರಳಿ ಬಂದು, ಮೂರು ಬಗೆಯ ನೆಲಗಳ ಮೇಲೆ ಗೆಲ್ಲಬಲ್ಲವಳೇ ಮೀರಬೇಕು. ಅಂಥವಳು ಹುಟ್ಟಲಾರಳೆಂದು ಹೇಳಲು ನಮಗೆ ಅಧಿಕಾರವಿಲ್ಲ; ನಾಳೆಯೇ ಕಾಣಿಸಿಕೊಳ್ಳುವಳೆಂದು ಹೇಳಲು ಆಧಾರವೂ ಇಲ್ಲ.

ಹೆತ್ತವರು ಇದರಿಂದ ಏನನ್ನು ತೆಗೆದುಕೊಳ್ಳಬಹುದು? ನಮ್ಮಲ್ಲಿ ಹೆಣ್ಣುಮಕ್ಕಳ ಆಟವು ಬಹುಮಟ್ಟಿಗೆ ಶಾಲೆಯ ಕೊನೆಯ ತರಗತಿಯೊಡನೆ ಮುಗಿದುಹೋಗುತ್ತದೆ. ಥ್ರೋಬಾಲ್, ಬ್ಯಾಡ್ಮಿಂಟನ್, ಓಟಗಳಲ್ಲಿ ಬಹುಮಾನ ಪಡೆದ ಎಷ್ಟೋ ಮಂದಿಗೆ, ಪರೀಕ್ಷೆಯ ಹೆಸರಿನಲ್ಲೋ ಮದುವೆಯ ಹೆಸರಿನಲ್ಲೋ, ಮೈದಾನವು ಒಮ್ಮೆಗೇ ಪರರ ಸ್ಥಳವಾಗಿಬಿ ಡುತ್ತದೆ. ಕೋರ್ಟಳು ೧೯೬೬ರಲ್ಲಿ ಬಿಟ್ಟವಳು ಬಿಟ್ಟಂತೆಯೇ ಇದ್ದಿದ್ದರೆ ಹದಿಮೂರಕ್ಕೆ ನಿಲ್ಲುತ್ತಿದ್ದಳು. ಆಕೆಯನ್ನು ನಾವು ಇಂದು ಇಷ್ಟಾಗಿ ನೆನೆಯುತ್ತಿರಲಿಲ್ಲ. ಮರಳಿ ಬರಲು ಮನೆಯವರು ಒಪ್ಪಿದುದೂ ಜೊತೆಗೆ ನಡೆದುದೂ ಆ ಹನ್ನೊಂದು ಪ್ರಶಸ್ತಿಗಳಲ್ಲಿ ಸೇರಿದೆ. ಎಲ್ಲ ಹುಡುಗಿಯರೂ ಮಹಾಪ್ರಶಸ್ತಿಗಳನ್ನು ಗೆಲ್ಲಬೇಕಾಗಿಲ್ಲ. ಆದರೆ ಒಮ್ಮೆ ಬಿಟ್ಟುದನ್ನು ಮರಳಿ ಹಿಡಿಯಲು ಬಾಗಿಲು ತೆರೆದಿರಬೇಕು, ಅದು ಆಟವಾಗಲಿ, ಸಂಗೀತವಾಗಲಿ, ಓದಾಗಲಿ.

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟದ ಪಂದ್ಯವನ್ನು ಉಪಮಾನವಾಗಿ ತಂದು, ಬಾಡಿಹೋಗುವ ಜಯಮಾಲೆಯನ್ನೂ ಬಾಡದ ಜಯಮಾಲೆಯನ್ನೂ ಬೇರ್ಪಡಿಸಿ ತೋರಿಸಿರುವನು. ಇಪ್ಪತ್ತನಾಲ್ಕು ಎಂಬುದೂ ಬಾಡುವ ಮಾಲೆಯೇ; ಒಂದು ದಿನ ಯಾರಾದರೂ ಇಪ್ಪತ್ತೈದನ್ನು ಬರೆದಾರು. ಆದರೆ ಬಾಡುವ ಮಾಲೆಗಾಗಿಯೇ ಅವರು ಅಷ್ಟು ನಿಯಮದಿಂದ ದೇಹವನ್ನು ಅಂಕೆಯಲ್ಲಿಟ್ಟು ಶ್ರಮಿಸಿದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಮನಸ್ಸಿನಲ್ಲಿಟ್ಟುಕೊಂಡರೆ, ಈ ಲೆಕ್ಕಾಚಾರಕ್ಕಾಗಿ ಕಳೆದ ವೇಳೆಯು ವ್ಯರ್ಥವಾಗಲಾರದು.